ಕಾರಿನ ಮುಖಕ್ಕೆ ಸುರಿದ ನೀರು

ನನ್ನ ಮಗನಿಗೆ ಬೆವರು ಬರುವುದಿಲ್ಲ. ಹುಟ್ಟಿದಾಗಿನಿಂದಲೂ ಇಲ್ಲ. ಇದನ್ನು ಹೇಳಿದರೆ ಎಷ್ಟೋ ಜನ, "ಒಳ್ಳೇದೇ ಆಯ್ತು ಬುಡವ್ವ, ಬಟ್ಟೆ ಒಗೆಯೋ ಕೆಲ್ಸ ಕಮ್ಮಿ" ಎಂದು ನಕ್ಕುಬಿಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಮಾಯಸಂದ್ರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಬೆವರು ಎಂದರೆ ರವಿಕೆಯ ಕಂಕುಳಲ್ಲಿ ಕಲೆ ಕೂರಿಸಿ ಹೊಲಿಗೆಯನ್ನು ತಿನ್ನುವ ಉಪ್ಪುನೀರು ಎಂದಷ್ಟೇ ನಾನೂ ತಿಳಿದಿದ್ದೆ.

ಅವನ ಮೊದಲ ಬೇಸಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಧ್ಯಾಹ್ನವಾದರೆ ಸಾಕು, ಮಗುವಿಗೆ ಜ್ವರ. ಔಷಧಿ ಹಾಕಿದರೂ ಇಳಿಯದು, ಸಂಜೆ ತಂಗಾಳಿ ಬೀಸಿದರೆ ತಾನಾಗಿ ಇಳಿಯುವುದು. ದೃಷ್ಟಿ ತೆಗೆದದ್ದಾಯಿತು, ಹರಕೆ ಹೊತ್ತದ್ದಾಯಿತು. ಕೂದಲು ತೆಳ್ಳಗೆ ಹೊಂಬಣ್ಣದ ಎಳೆಯಾಗಿ ಬಂತು, ಹಲ್ಲು ಬರಲೇ ಇಲ್ಲ. ಕೊನೆಗೆ ತುಮಕೂರಿನ ಒಬ್ಬ ಡಾಕ್ಟರಮ್ಮ ಅವನ ಬೆರಳ ತುದಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ನಿಮ್ಮ ಕೈ ಕೊಡಿ" ಎಂದು ನನ್ನ ಬೆರಳನ್ನೂ ಇಟ್ಟು, ನನ್ನನ್ನೇ ನೋಡಲು ಹೇಳಿದರು. ನನ್ನ ಬೆರಳಿನ ಗೆರೆಗಳ ಏರಿನ ಉದ್ದಕ್ಕೂ, ಉತ್ತ ಹೊಲದ ಸಾಲಿನ ಮೇಲೆ ಇಬ್ಬನಿ ಕೂತಂತೆ, ಸೂಜಿಮೊನೆಯಷ್ಟು ಹನಿಗಳು ಒಂದೊಂದಾಗಿ ಉಕ್ಕಿ ಮಿನುಗುತ್ತಿದ್ದವು. ನನ್ನ ಮೈಯಲ್ಲೇ ನಡೆಯುತ್ತಿದ್ದ ಆ ಕೆಲಸವನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಗನ ಬೆರಳಲ್ಲಿ ಗೆರೆ ಇತ್ತು, ಹನಿ ಇರಲಿಲ್ಲ.

"ಇವನಿಗೆ ಬರೋದು ಜ್ವರ ಅಲ್ಲ. ಒಳಗಿನ ಶಾಖ ಆಚೆ ಹೋಗೋಕೆ ದಾರಿ ಇಲ್ಲ. ಆ ದಾರಿ ನೀವೇ ಮಾಡ್ಕೊಡಬೇಕು" ಎಂದರು ಡಾಕ್ಟರಮ್ಮ.

ಅಂದಿನಿಂದ ದಾರಿ ಮಾಡಿಕೊಡುವುದೇ ನಮ್ಮ ಮನೆಯ ಕೆಲಸವಾಯಿತು. ಒದ್ದೆ ಬನಿಯನ್ನು, ಒದ್ದೆ ಟವೆಲ್ಲು, ಎಲ್ಲಿಗೆ ಹೋದರೂ ನೀರಿನ ಬಾಟಲಿ, ಬಿಸಿಲೇರುವ ಮೊದಲೇ ಮುಗಿಯುವ ಆಟ. ಅವನನ್ನು ದೂರಕ್ಕೆ ಕರೆದೊಯ್ಯಲೆಂದೇ ನನ್ನ ಗಂಡ ಏಸಿ ಇರುವ ಒಂದು ಹಳೆಯ ಕಾರು ತಂದರು, ಓಡಿಸುವುದನ್ನು ನಾನು ಕಲಿತೆ. ಆ ಕಾರನ್ನು ಊರಿನವರು ನಮ್ಮ ಶೋಕಿ ಎಂದುಕೊಂಡಿದ್ದರು. ನಮಗೆ ಅದು ಮಗನ ಇನ್ನೊಂದು ಚರ್ಮವಾಗಿತ್ತು.

ಮಗ ಒಂದನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ, ಹುಳಿಯಾರಿನ ಪಕ್ಕದ ಕೆಂಕೆರೆಯ ನನ್ನ ತವರಿನಲ್ಲಿ ತಮ್ಮನ ಮಗಳ ನಾಮಕರಣ ಇತ್ತು. ಹಿಂದಿನ ದಿನವೇ ಹೊರಟೆವು: ನಾನು, ಮಗ, ನನ್ನ ಅತ್ತೆ. ತೋಟದಲ್ಲಿ ಕಾಯಿ ಕೆಡವಿಸುತ್ತಿದ್ದ ಗಂಡ ಮಾರನೆಯ ಬೆಳಿಗ್ಗೆ ಬಸ್ಸಿಗೆ ಬರುವುದೆಂದಾಯಿತು. ದಾರಿಯಲ್ಲಿ ತಿಪಟೂರಿನಲ್ಲಿ ಅತ್ತೆಯ ಕಣ್ಣು ತೋರಿಸುವುದಿತ್ತು. ಬೇಗ ಮುಗಿದೀತು ಎಂದುಕೊಂಡಿದ್ದ ಕೆಲಸ ಬೇಗ ಮುಗಿಯಲಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರಿಸಿದರು, ಮತ್ತೆ ಹಾಕಿ ಕೂರಿಸಿದರು. ಅಂತೂ ಹೊರಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು, ಅತ್ತೆಗೆ ಎಲ್ಲವೂ ಮಬ್ಬುಮಬ್ಬು. ಸೆರಗನ್ನು ಹಣೆಯ ಮೇಲಕ್ಕೆಳೆದುಕೊಂಡು ನನ್ನ ಭುಜ ಹಿಡಿದೇ ಕಾರು ಹತ್ತಿದರು.

ಆ ಹೊತ್ತಿನಲ್ಲಿ ನಾವು ಎಂದೂ ಪ್ರಯಾಣ ಮಾಡುತ್ತಿರಲಿಲ್ಲ. ಆದರೆ ಏಸಿ ಇದೆಯಲ್ಲ ಎಂಬ ಧೈರ್ಯ.

ತಿಪಟೂರು ದಾಟುವಾಗ ನಮ್ಮ ಮುಂದೆ ತೆಂಗಿನ ನಾರು ತುಂಬಿದ ಒಂದು ಲಾರಿ ಇತ್ತು. ಕಟ್ಟಿದ ಬಲೆಯ ಸಂದಿಯಿಂದ ನಾರಿನ ಎಳೆಗಳು ಹಾರಿ ಬಂದು ಕಾರಿನ ಗಾಜಿಗೆ ಬಡಿಯುತ್ತಿದ್ದವು. ರಸ್ತೆ ಇಕ್ಕಟ್ಟು, ಮುಂದೆ ಹೋಗಲು ಜಾಗ ಸಿಗಲಿಲ್ಲ. ಬಹಳ ದೂರ ಅದರ ಹಿಂದೆಯೇ ತೆವಳಿದೆವು. ಕೊನೆಗೆ ಲಾರಿ ಒಂದು ನಾರಿನ ಫ್ಯಾಕ್ಟರಿಯ ಕಡೆಗೆ ತಿರುಗಿತು, ನಾವು ಹುಳಿಯಾರಿನ ದಾರಿ ಹಿಡಿದೆವು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಏಸಿಯ ಕಿಂಡಿಯಿಂದ ಬರುತ್ತಿದ್ದ ಗಾಳಿಯ ತಂಪು ಕಡಿಮೆಯಾದಂತೆ ಅನಿಸಿತು. ರಸ್ತೆ ಚೆನ್ನಾಗಿದ್ದಲ್ಲಿ ಜೋರಾಗಿ ಓಡಿಸಿದರೆ ತಣ್ಣಗಾಗುತ್ತಿತ್ತು. ಗುಂಡಿ ಬಿದ್ದ ಕಡೆ ನಿಧಾನ ಮಾಡಿದರೆ ಮತ್ತೆ ಬೆಚ್ಚಗೆ. ಇದೇನು ಕಣ್ಣಾಮುಚ್ಚಾಲೆ ಎಂದು ಏಸಿಯ ತಿರುಪನ್ನು ಕೊನೆಯವರೆಗೆ ತಿರುಗಿಸಿದೆ. ಗಾಳಿಯ ರಭಸ ಹೆಚ್ಚಿತು, ತಂಪು ಹೆಚ್ಚಲಿಲ್ಲ. ಆಮೇಲೆ ಸೇತುವೆ ಕೆಲಸ ನಡೆಯುತ್ತಿದ್ದ ಕಡೆ ನಮ್ಮನ್ನು ನಿಲ್ಲಿಸಿದರು. ನಿಂತದ್ದೇ ತಡ, ಒಲೆಯ ಬಾಯಿಂದ ಬಂದಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು.

ಹಿಂದಿನ ಸೀಟಿನಲ್ಲಿ ಅತ್ತೆಯ ಕೈ ಮಗನ ಕತ್ತಿನ ಹಿಂಭಾಗದಲ್ಲಿತ್ತು. ಅವನ ಮೈ ಕಾವೇರುವುದು ಥರ್ಮಾಮೀಟರಿಗಿಂತ ಮೊದಲು ಆ ಕೈಗೆ ಗೊತ್ತಾಗುತ್ತದೆ. ಕಣ್ಣು ಮುಚ್ಚಿಕೊಂಡೇ ಹೇಳಿದರು:

"ನಿಲ್ಸೇ ಗಾಡೀನ. ಮಗ ಕೆಂಡ ಆಗ್ತಾವ್ನೆ."

ಕನ್ನಡಿಯಲ್ಲಿ ನೋಡಿದೆ. ಅವನ ಕಿವಿಗಳು ಕೆಂಪಾಗಿದ್ದವು, ಮಾತು ನಿಂತಿತ್ತು. ಸದಾ ವಟಗುಟ್ಟುವ ಮಗು ಸುಮ್ಮನಾದರೆ ನನಗೆ ಎದೆ ಹಾರುತ್ತದೆ. ಸೇತುವೆ ದಾಟಿದ್ದೇ, ರಸ್ತೆಗೆ ತಾಗಿದ ಒಂದು ತೆಂಗಿನ ತೋಟದೊಳಕ್ಕೆ ಕಾರು ಇಳಿಸಿದೆ.

ತೋಟದಲ್ಲಿ ಅತ್ತೆಯ ವಯಸ್ಸಿನ ಒಬ್ಬ ಹೆಂಗಸು ಒಣಗಿದ ಸೋಗೆ ಎಳೆದು ಒಂದು ಕಡೆ ರಾಶಿ ಹಾಕುತ್ತಿದ್ದರು. ಗುರುತಿಲ್ಲದ ಕಾರು ನುಗ್ಗಿದ್ದು ಕಂಡು ಸೊಂಟಕ್ಕೆ ಕೈಯಿಟ್ಟು ನಿಂತರು. ನಾನು ಮಗನನ್ನು ಎತ್ತಿಕೊಂಡು ಇಳಿದು, "ಅಮ್ಮಾ, ನೀರು ಬೇಕಾಗಿತ್ತು, ಈ ಮಗೀಗೆ ಬೆವರು ಬರಲ್ಲ, ಮೈ ಕಾದೋಗೈತೆ" ಎಂದು ಒಂದೇ ಉಸಿರಿಗೆ ಹೇಳಿದೆ.

ಆಕೆ ಮಗುವಿನ ತೆಳುಗೂದಲನ್ನೂ ಮುಖವನ್ನೂ ನೋಡಿದರು. ನನ್ನ ಕೈಯಿಂದ ಅವನನ್ನು ಎತ್ತಿಕೊಂಡು ಬಿರಬಿರನೆ ಹೋಗಿ, ಬೋರ್‌ವೆಲ್ ಮನೆಯ ಪಕ್ಕದ ಸಿಮೆಂಟಿನ ತೊಟ್ಟಿಯಲ್ಲಿ ಬಟ್ಟೆ ಸಮೇತ ಇಳಿಸಿಬಿಟ್ಟರು. ನೀರು ಅವನ ಎದೆಯ ತನಕ ಬಂತು. ಮಗ ಒಮ್ಮೆ ಉಸಿರೆಳೆದುಕೊಂಡು ಕಣ್ಣರಳಿಸಿದ.

"ತಣ್ಣಗೈತಾ ಮಗ?"

"ಹ್ಞೂಂ."

"ತಲೆ ಮೇಲೂ ಹಾಕ್ಲಾ?"

"ಹ್ಞೂಂ."

ಆಕೆ ಬೊಗಸೆಯಲ್ಲಿ ನೀರು ಎತ್ತಿ ಅವನ ನೆತ್ತಿಗೆ ಹಾಕುತ್ತಾ ಹೋದರು. ಅತ್ತೆ ತಡವರಿಸುತ್ತಾ ಬಂದು ತೊಟ್ಟಿಯ ಅಂಚಿನಲ್ಲಿ ಕೂತು, ಕೈಯನ್ನು ಮತ್ತೆ ಅವನ ಕತ್ತಿನ ಮೇಲಿಟ್ಟರು. ಬಹಳ ಹೊತ್ತಾದ ಮೇಲೆ, "ಇಳೀತಾ ಐತೆ" ಎಂದರು. ತೊಟ್ಟಿಯಲ್ಲಿ ಮಗ ನಿಧಾನವಾಗಿ ಮಾತಿಗಿಳಿದ. ಈ ನೀರಲ್ಲಿ ಮೀನು ಇದಾವಾ, ಹಸು ಇದೇ ನೀರು ಕುಡಿಯುತ್ತಾ, ಕುಡಿದರೆ ನಾನು ಎಂಜಲಾಗ್ತೀನಾ? ಆಕೆ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರು.

ಮಗನೇನೋ ತಣಿದ. ಆದರೆ ತೊಟ್ಟಿಯನ್ನು ಕೆಂಕೆರೆಯವರೆಗೆ ಹೊತ್ತುಕೊಂಡು ಹೋಗಲಾದೀತೇ? ಕಾರು ಸರಿಯಾಗದೆ ಹೊತ್ತು ಇಳಿಯುವವರೆಗೆ ಅಲ್ಲಾಡುವಂತಿರಲಿಲ್ಲ. ತಿಪಟೂರಿನಲ್ಲಿ ನಮ್ಮ ಕಾರು ನೋಡಿಕೊಳ್ಳುವ ಮೆಕ್ಯಾನಿಕ್‌ಗೆ ಫೋನು ಹಚ್ಚಿದೆ. ಯಾವುದೋ ಗಾಡಿಯ ಕೆಳಗೆ ಮಲಗಿದ್ದಂತಿತ್ತು, ಕಬ್ಬಿಣದ ಸದ್ದಿನ ನಡುವೆ ಅವನ ದನಿ ಬಂತು.

"ಹೇಳಿ ಅಕ್ಕ."

ಹೇಳಿದೆ.

"ಗ್ಯಾಸ್ ಹೋಗಿರ್ಬೇಕು ಕಣಕ್ಕ. ಹಳೇ ಪೈಪು. ನಾನು ಬರಾಕೆ ಸಂಜೆ ಆಯ್ತದೆ."

"ಓಡ್ಸುವಾಗ ತಣ್ಣಗೆ ಬರ್ತಿತ್ತು ಕಣಪ್ಪ. ನಿಂತಾಗ್ಲೇ ಬಿಸಿ."

ಅವನ ಕಡೆ ಸದ್ದು ನಿಂತಿತು. ಅವನು ಗಾಡಿಯ ಕೆಳಗಿನಿಂದ ಎದ್ದು ಬಂದನೆಂದು ಕಾಣುತ್ತದೆ, ದನಿ ಹತ್ತಿರವಾಯಿತು.

"ತಡೀರಿ ತಡೀರಿ. ಓಡ್ಸುವಾಗ ತಣ್ಣಗೆ, ನಿಂತ್ರೆ ಬಿಸಿ. ಹಂಗಾದ್ರೆ ಬೇರೆ ಇರ್ಬೋದು. ಬಾನೆಟ್ ಎತ್ತಿ, ಇಂಜಿನ್ ಶುರು ಮಾಡಿ ಏಸಿ ಹಾಕಿ. ಟಕ್ ಅಂತ ಸದ್ದು ಬತ್ತದಾ?"

ಬಂತು. ಆ ಟಕ್ ಎಂಬುದು ಕಂಪ್ರೆಸರ್ ಹಿಡಿದುಕೊಳ್ಳುವ ಸದ್ದಂತೆ. ಆಮೇಲೆ ಎರಡು ಪೈಪುಗಳ ಗುರುತು ಹೇಳಿದ, ಒಂದು ಸಣ್ಣದು, ಒಂದು ದಪ್ಪದು, ಎರಡೂ ಕಾರಿನ ಒಳಗಿನ ಗೋಡೆಯೊಳಕ್ಕೆ ಹೋಗಿದ್ದವು. ಹುಷಾರಾಗಿ ಮುಟ್ಟಲು ಹೇಳಿದ. ಸಣ್ಣದು ಕೈ ಇಡಲಾಗದಷ್ಟು ಬಿಸಿ. ದಪ್ಪದು ತಣ್ಣಗಿರಬೇಕಾಗಿತ್ತು, ಉಗುರುಬೆಚ್ಚಗಿತ್ತು.

"ಅಕ್ಕ, ಏಸಿ ಅನ್ನೋದು ತಂಪನ್ನ ಎಲ್ಲಿಂದ್ಲೋ ತಂದು ಕೊಡಲ್ಲ. ಒಳಗಿರೋ ಬಿಸೀನ ಹೊತ್ಕೊಂಡು ಬಂದು ಆಚೆಗೆ ಹಾಕ್ತದೆ, ಅಷ್ಟೇಯ. ಮೂತಿ ಹತ್ರ ಜಾಲರಿ ಐತಲ್ಲ, ಅಲ್ಲಿಂದ ಆಚೆ ಹೋಗ್ಬೇಕು ಬಿಸಿ. ಅಲ್ಲಿ ಹೋಗ್ದಿದ್ರೆ ಒಳಗೇ ಸುತ್ತುತ್ತದೆ. ಅಲ್ಲಿ ನೀರು ಐತಾ?"

"ತೊಟ್ಟಿ ತುಂಬ ಐತೆ."

"ಆ ಜಾಲರಿ ಮೇಲೆ ಒಂದು ಬಿಂದಿಗೆ ನೀರು ಸುರೀರಿ. ಇಂಜಿನ್ ಓಡ್ತಾ ಇರ್ಲಿ. ಒಳಗೆ ಯಾರಾದ್ರೂ ಕಿಂಡಿಗೆ ಕೈ ಹಿಡ್ಕೊಂಡು ಕೂರ್ಲಿ. ತಣ್ಣಗೆ ಬಂದ್ರೆ ಗ್ಯಾಸ್ ಐತೆ ಅಂತ ಲೆಕ್ಕ."

ಒಳಗಿನ ಶಾಖ ಆಚೆ ಹೋಗೋಕೆ ದಾರಿ ಇಲ್ಲ. ತುಮಕೂರಿನ ಡಾಕ್ಟರಮ್ಮನ ಮಾತು ಬೇರೆ ಬಾಯಿಂದ ಕೇಳಿದಂತಾಗಿ ನಾನು ಫೋನು ಹಿಡಿದುಕೊಂಡೇ ಒಂದು ಗಳಿಗೆ ನಿಂತೆ. ತೊಟ್ಟಿಯ ಬಳಿ ತೋಟದ ಆ ತಾಯಿ ನನ್ನ ಮಗನ ನೆತ್ತಿಗೆ ನೀರು ಹಾಕುತ್ತಲೇ ಇದ್ದರು.

ಅತ್ತೆಯನ್ನು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿ, ಅವರ ಅಂಗೈಯನ್ನು ಕಿಂಡಿಗೆ ಹಿಡಿಸಿದೆ. ಕಣ್ಣು ಮಂಜಾಗಿದ್ದರೇನಂತೆ, ಆ ಕೈಗಿಂತ ನಂಬಿಕೆಯದು ಅಲ್ಲಿ ಇನ್ನೊಂದಿರಲಿಲ್ಲ. ತೋಟದ ತಾಯಿ ಮಗನನ್ನು ತೊಟ್ಟಿಯಿಂದ ಎತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಬಂದು ನನಗೆ ಬಿಂದಿಗೆ ಕೊಟ್ಟರು. ಮೈಯೆಲ್ಲ ತೊಟ್ಟಿಕ್ಕುತ್ತಿದ್ದ ಮಗ ಅವರ ಸೀರೆಯನ್ನೂ ತೋಯಿಸಿದ್ದ.

ನಾನು ಕಾರಿನ ಮುಖಕ್ಕೆ ನೀರು ಸುರಿದೆ. ಚುಸ್ ಎಂದಿತು. ಜಾಲರಿಯಿಂದ ತೆಳುವಾದ ಹಬೆ ಎದ್ದು ಮಾಯವಾಯಿತು, ಒದ್ದೆ ಮಣ್ಣಿನ ವಾಸನೆಗೆ ಬಿಸಿ ಕಬ್ಬಿಣದ ವಾಸನೆ ಸೇರಿತು. ಮತ್ತೊಂದಿಷ್ಟು ಸುರಿದೆ. ಏನೂ ಆಗಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗಿದರು:

"ಬಂತು ಕಣೇ! ತಣ್ಣಗೆ ಬಂತು!"

ಓಡಿಹೋಗಿ ಕೈ ಇಟ್ಟೆ. ನಿಜ. ಏಪ್ರಿಲ್ ತಿಂಗಳ ನಡುಮಧ್ಯಾಹ್ನದಲ್ಲಿ, ಒಲೆಯಂತಿದ್ದ ಅದೇ ಕಿಂಡಿಯಿಂದ, ಬೆಳಗಿನ ಜಾವದಲ್ಲಿ ಬಾಗಿಲು ತೆಗೆದಾಗ ಮುಖಕ್ಕೆ ಬರುತ್ತದಲ್ಲ ಅಂಥ ಗಾಳಿ. ನೀರು ಇಳಿದುಹೋಗಿ ಜಾಲರಿ ಒಣಗಿದಂತೆ ಅದು ಮತ್ತೆ ಬೆಚ್ಚಗಾಯಿತು. ಇನ್ನೊಂದು ಬಿಂದಿಗೆ ತಂದು ಸುರಿದೆ, ಮತ್ತೆ ತಂಪು. ನೋಡಬೇಕಾದ್ದು ನೋಡಿಯಾಗಿತ್ತು, ಆದರೂ ಇನ್ನೊಂದು ಸಲ ಸುರಿದೆ. ಸುರಿದ ನೀರು ಮುಂದೆ ಹಬೆಯಾಗಿ ಹೋಗುತ್ತಿದೆ, ಹೋಗುತ್ತಾ ಗಾಡಿಯ ಒಡಲಿನ ಬಿಸಿಯನ್ನು ಎತ್ತಿಕೊಂಡು ಹೋಗುತ್ತಿದೆ. ಇಷ್ಟು ವರ್ಷ ಮಗನಿಗೆ ಒದ್ದೆ ಬನಿಯನ್ನು ತೊಡಿಸುತ್ತಾ ಬಂದವಳು ನಾನು. ನಾನು ಮಾಡುತ್ತಿದ್ದದ್ದು ಏನೆಂದು ಅಲ್ಲಿ, ಬಾನೆಟ್ಟಿನ ಮುಂದೆ ಕೆಸರಾದ ನೆಲದಲ್ಲಿ ನಿಂತು ಮೊದಲ ಸಲ ಕಣ್ಣಾರೆ ಕಂಡೆ.

ಫೋನಿನಲ್ಲಿ ಮೆಕ್ಯಾನಿಕ್ ಕಾಯುತ್ತಲೇ ಇದ್ದ. "ಬಂತಾ? ಹಂಗಾದ್ರೆ ಗ್ಯಾಸ್ ಐತೆ ಬುಡಿ, ನಾನ್ ಹೇಳಿದ್ದು ತಪ್ಪು. ಆ ಜಾಲರಿ ಹಿಂದೆ ಎರಡು ಫ್ಯಾನ್ ಅವೆ. ಒಂದು ಇಂಜಿನ್‌ದು, ಒಂದು ಏಸಿದು. ಓಡ್ಸುವಾಗ ಎದುರುಗಾಳಿನೇ ಬಿಸೀನ ಎತ್ಕೊಂಡೋಗ್ತದೆ, ನಿಂತಾಗ ಫ್ಯಾನೇ ಆಗ್ಬೇಕು. ಎರಡೂ ತಿರುಗ್ತಾವಾ? ಕೈ ಮಾತ್ರ ಹಾಕ್ಬೇಡಿ."

ಬಗ್ಗಿ ನೋಡಿದೆ. ಒಂದು ಗಿರ್ರನೆ ತಿರುಗುತ್ತಿತ್ತು. ಇನ್ನೊಂದು ಕದಲದೆ ನಿಂತಿತ್ತು.

ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಫೋನಿನ ಬೆಳಕು ಬಿಟ್ಟು ನೋಡಿದೆ. ಫ್ಯಾನಿನ ನಡುವೆ, ರೆಕ್ಕೆಗಳು ಕೂಡುವ ಕಡೆ, ಕಂದುಬಣ್ಣದ ಒಂದು ಉಂಡೆ. ತೆಂಗಿನ ನಾರು. ಎಳೆಯ ಮೇಲೆ ಎಳೆ ಬಿಗಿಯಾಗಿ ಸುತ್ತಿಕೊಂಡು ಹಗ್ಗದ ಗಂಟಿನಂತೆ ಗಟ್ಟಿಯಾಗಿತ್ತು. ಲಾರಿಯ ಹಿಂದೆ ತೆವಳುವಾಗ ಫ್ಯಾನು ಗಾಳಿಯ ಜತೆ ನಾರನ್ನೂ ಎಳೆದುಕೊಂಡಿತ್ತು, ಎಳೆದುಕೊಂಡು ತನ್ನ ಕತ್ತನ್ನು ತಾನೇ ಬಿಗಿದುಕೊಂಡಿತ್ತು.

ಇದು ನನಗೆ ಗೊತ್ತಿದ್ದ ಕೆಲಸ. ಹೊಲಿಗೆ ಮಿಷನ್ನಿನ ಗಾಲಿಗೆ ದಾರ ಸುತ್ತಿಕೊಂಡು ನಿಂತುಹೋಗುವುದು ನಮ್ಮ ಅಂಗಡಿಯಲ್ಲಿ ಯಾವಾಗಲೂ ಇದ್ದದ್ದೇ. ಎಳೆದರೆ ಇನ್ನೂ ಬಿಗಿಯುತ್ತದೆ. ಕತ್ತರಿಸಿ, ಸುತ್ತಿದ ದಿಕ್ಕಿಗೆ ಎದುರಾಗಿ ಬಿಚ್ಚಬೇಕು. ನನ್ನ ಕೈಚೀಲದಲ್ಲಿ ದಾರ ಕತ್ತರಿಸುವ ಸಣ್ಣ ಕತ್ತರಿ ಇದ್ದೇ ಇರುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿದೆ. ಕತ್ತರಿಯ ತುದಿಯನ್ನು ಉಂಡೆಯೊಳಕ್ಕೆ ತೂರಿಸಿ ಒಂದೊಂದೇ ಎಳೆ ತುಂಡು ಮಾಡಿದೆ. ಆ ನಾರು ಎಂಥ ಗಟ್ಟಿ! ನಮ್ಮ ಸುತ್ತ ನಿಂತಿದ್ದ ಅಷ್ಟೂ ಮರಗಳ ಕಾಯಿಗಳಲ್ಲಿ ಇರುವುದೂ ಇದೇ ಎಳೆ. ಮರದ ತುದಿಯಿಂದ ಬಿದ್ದ ಕಾಯನ್ನು ಒಡೆಯದಂತೆ ಹಿಡಿದಿಡುವ ಎಳೆಗೆ, ಪಾಪ, ಈ ಪುಟ್ಟ ಮೋಟರು ಯಾವ ಲೆಕ್ಕ?

ತೋಟದ ತಾಯಿ ಬಗ್ಗಿ ನೋಡಿ, "ಇದಾ? ಇಷ್ಟಕ್ಕೆ ನಿಂತೋಯ್ತಾ ಕಾರು?" ಎಂದು ಬಾಯಮೇಲೆ ಕೈಯಿಟ್ಟುಕೊಂಡರು. "ನಾವು ಇದ್ರಲ್ಲಿ ಹಗ್ಗ ಹೊಸೆದು ಎತ್ತು ಕಟ್ತಿದ್ವಿ ಕಣವ್ವ."

ಕೊನೆಯ ತುಣುಕು ಬಂದ ಮೇಲೆ ರೆಕ್ಕೆಯನ್ನು ಬೆರಳಿನಿಂದ ತಳ್ಳಿದೆ. ಹಗುರವಾಗಿ ತಿರುಗಿತು. ಖುಷಿಯಿಂದ ಇಂಜಿನ್ ಶುರು ಮಾಡಿದರೆ ಫ್ಯಾನು ಮತ್ತೆ ನಿಂತೇ ಇತ್ತು. ನನಗೆ ಅಳುವೇ ಬಂತು.

"ಅಳ್ಬೇಡಿ ಅಕ್ಕ," ಎಂದ ಮೆಕ್ಯಾನಿಕ್, ನನ್ನ ದನಿಯಲ್ಲೇ ಗುರುತು ಹಿಡಿದು. "ಫ್ಯಾನ್ ಸಿಕ್ಕಾಕೊಂಡಾಗ ಫ್ಯೂಸ್ ಹೋಗಿರ್ತದೆ. ಅದು ಹೋಗಿದ್ದಕ್ಕೇ ಮೋಟ್ರು ಉಳ್ಕೊಂಡೈತೆ. ಬ್ಯಾಟ್ರಿ ಪಕ್ಕ ಕರೀ ಡಬ್ಬಿ ಐತೆ, ನೋಡಿ."

ಇಂಜಿನ್ ಮತ್ತೆ ನಿಲ್ಲಿಸಿ ಡಬ್ಬಿಯ ಮುಚ್ಚಳ ತೆಗೆದೆ. ಬಣ್ಣಬಣ್ಣದ ಫ್ಯೂಸುಗಳು, ನನ್ನ ಅಂಗಡಿಯ ಗುಂಡಿ ಡಬ್ಬಿಯ ಹಾಗೆ. ಅವನು ಹೇಳಿದ್ದನ್ನು ಉಗುರಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಒಳಗಿನ ತಂತಿ ಸುಟ್ಟು ತುಂಡಾಗಿತ್ತು. ಮಂಜಿನಲ್ಲಿ ಹಾಕುವ ದೀಪದ ಫ್ಯೂಸು ಅದೇ ಬಣ್ಣದ್ದು, ಅದೇ ನಂಬರಿನದು, ಸದ್ಯಕ್ಕೆ ಅದನ್ನು ಕಿತ್ತು ಇಲ್ಲಿಗೆ ಹಾಕಿ ಎಂದ. ಏಪ್ರಿಲ್ಲಿನಲ್ಲಿ ಹುಳಿಯಾರಿನ ದಾರಿಯಲ್ಲಿ ಮಂಜೆಲ್ಲಿ ಬರಬೇಕು? ಕಿತ್ತು ಹಾಕಿದೆ.

ಈ ಸಲ ಏಸಿ ಒತ್ತಿದ ಕೂಡಲೇ ಟಕ್ ಎಂದಿತು, ಅದರ ಹಿಂದೆಯೇ ಫ್ಯಾನು ಹುಯ್ಯೆಂದು ಎದ್ದಿತು. ಜಾಲರಿಯಲ್ಲಿ ಉಳಿದಿದ್ದ ನೀರನ್ನೆಲ್ಲ ಒಮ್ಮೆಲೇ ಒಳಕ್ಕೆ ಸೆಳೆದುಕೊಂಡು, ಹಿಂದಕ್ಕೆ ತುಂತುರು ಹಾರಿಸಿತು. ಎಲ್ಲರೂ ಹಿಂದೆ ಸರಿದೆವು. ಮಗ ಚಪ್ಪಾಳೆ ತಟ್ಟಿದ.

ನಾನು ದಪ್ಪ ಪೈಪನ್ನು ಮುಟ್ಟಿ ನೋಡಿದೆ. ತಣ್ಣಗಾಗುತ್ತಿತ್ತು. ನೋಡುತ್ತಿದ್ದಂತೆಯೇ ಅದರ ಮೈ ಮಂಕಾಯಿತು, ಮಂಕಿನ ಮೇಲೆ ಸೂಜಿಮೊನೆಯಷ್ಟು ಹನಿಗಳು ಮೂಡಿದವು, ಹನಿಗಳು ಒಂದಕ್ಕೊಂದು ಸೇರಿ ಉರುಳತೊಡಗಿದವು. ಯಾರೂ ಅದರ ಮೇಲೆ ನೀರು ಹಾಕಿರಲಿಲ್ಲ. ಸುತ್ತಲಿದ್ದ ಒಣಗಾಳಿಯಿಂದಲೇ ಆ ಪೈಪು ನೀರನ್ನು ಹೆಕ್ಕಿ ತೆಗೆಯುತ್ತಿತ್ತು. ಮಗನನ್ನು ಎತ್ತಿ ತೋರಿಸಿದೆ.

"ಅಮ್ಮ, ಇದು ಬೆವರ್ತಾ ಐತೆ!"

"ಹ್ಞೂಂ ಮಗ."

ಅವನು ಕೈ ಚಾಚಿ ಒಂದು ಹನಿಯನ್ನು ಬೆರಳ ತುದಿಗೆ ತಾಗಿಸಿಕೊಂಡ. ಅದು ಬೀಳದ ಹಾಗೆ ಜೋಪಾನವಾಗಿ ತಂದು ತನ್ನ ಹಣೆಗೆ ಇಟ್ಟುಕೊಂಡ. ಇನ್ನೊಂದನ್ನು ಮೇಲ್ದುಟಿಯ ಮೇಲೆ. ಆಮೇಲೆ ಕೆಲಸ ಮಾಡಿ ದಣಿದ ದೊಡ್ಡವರ ಹಾಗೆ ಮುಂಗೈಯಿಂದ ಹಣೆ ಒರೆಸಿಕೊಂಡು, "ಉಸ್ಸಪ್ಪಾ" ಎಂದ.

ತೋಟದ ತಾಯಿ ಜೋರಾಗಿ ನಕ್ಕರು. ನಗುತ್ತಲೇ ತಮ್ಮ ಮುಖ ಒರೆಸಿಕೊಳ್ಳಲು ಸೆರಗು ಎತ್ತಿದವರು ಅರ್ಧಕ್ಕೆ ನಿಂತು, ಮುಂಗೈ ಮೇಲೆ ಮೂಡಿದ್ದ ಬೆವರನ್ನು ನೋಡಿಕೊಂಡರು. "ಅಲ್ಲ ಕಣವ್ವ," ಎಂದರು ಮೆಲ್ಲಗೆ, "ಹುಟ್ಟಿದಾಗಿಂದ ಒರೆಸ್ಕೊಂಡು ಒರೆಸ್ಕೊಂಡು ಬಿಸಾಕ್ತಾ ಬಂದೆ. ಇದು ಇಲ್ದೆ ಹೋದ್ರೆ ಹಿಂಗಾಯ್ತದೆ ಅಂತ ಯಾರಿಗ್ ಗೊತ್ತಿತ್ತು?"

ಕಾರು ಒಳಗೆ ತಣಿಯಲೆಂದು ಬಾಗಿಲು ಹಾಕಿ ಬಿಟ್ಟು, ಆಕೆ ಕೆತ್ತಿಕೊಟ್ಟ ಎಳನೀರು ಕುಡಿದೆವು. ಹೊರಡುವಾಗ ಮಗನಿಗೆ ಒಣಬಟ್ಟೆ ತೊಡಿಸಲು ಹೋದೆ. ಬೇಡ, ಒದ್ದೆಯೇ ಇರಲಿ ಎಂದು ಹಠ ಹಿಡಿದ. ಒದ್ದೆ ಬನಿಯನ್ನಿನಲ್ಲೇ ಸೀಟು ಹತ್ತಿ ಕಿಟಕಿಯ ಗಾಜಿಗೆ ಮೂಗು ಒತ್ತಿ, ತೋಟ ಮರೆಯಾಗುವ ತನಕ ಕೈ ಬೀಸಿದ.

ಹುಳಿಯಾರು ಹತ್ತಿರವಾದಂತೆ ರಸ್ತೆ ಬಿಸಿಲಿಗೆ ನೀರಿನ ಹಾಗೆ ಅಲುಗುತ್ತಿತ್ತು. ಹೊಲಗಳಲ್ಲಿ ಒಂದು ಹಕ್ಕಿಯೂ ಇರಲಿಲ್ಲ, ದನಗಳು ಹುಣಸೆಮರದ ಬುಡದಲ್ಲಿ ಒತ್ತೊತ್ತಾಗಿ ನಿಂತಿದ್ದವು. ಒಂದು ಚೆಕ್‌ಪೋಸ್ಟಿನ ಗೇಟಿನಲ್ಲಿ ನಮ್ಮನ್ನು ನಿಲ್ಲಿಸಿದರು. ನಾನು ಕಿಂಡಿಗೆ ಕೈಯಿಟ್ಟೆ. ಮುಂದೆ ಫ್ಯಾನು ಹುಯ್ಯೆನ್ನುತ್ತಿತ್ತು, ಗಾಳಿ ತಣ್ಣಗೇ ಬರುತ್ತಿತ್ತು. ಗಾಜಿನ ಆಚೆ ಅಷ್ಟು ಬೆಂಕಿ, ಈಚೆ ಬೆರಳು ಮರಗಟ್ಟುವಷ್ಟು ತಂಪು, ನಡುವೆ ಇದ್ದದ್ದು ಒಂದು ತೆಳು ಗಾಜು ಮಾತ್ರ. ಎಷ್ಟೋ ಸಲ ಈ ಕಾರಿನಲ್ಲಿ ಕೂತಿದ್ದೇನೆ, ಹೀಗೆಂದು ಯಾವತ್ತೂ ನೋಡಿರಲಿಲ್ಲ.

ಹಿಂದೆ ಮಗ ಅಜ್ಜಿಯ ತೊಡೆಯ ಮೇಲೆ ಬಾಯಿ ತೆರೆದು ನಿದ್ದೆಹೋಗಿದ್ದ. ಅತ್ತೆ ಎರಡೂ ಕಾಲನ್ನು ಸೀಟಿನ ಮೇಲಕ್ಕೆ ಎಳೆದುಕೊಂಡು, ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದುಕೊಂಡಿದ್ದರು.

"ಲೇ," ಎಂದರು, "ವಸಿ ಕಮ್ಮಿ ಮಾಡೇ. ಚಳಿ ಆಯ್ತದೆ."

ನಾನು ತಿರುಪನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದೆ. ಗೇಟು ತೆರೆಯಿತು.